ಪ್ರಿಂಟಿಗೆ ಬಾರದ ಮನೆಗಳು

"ನಮ್ಮಕ್ಕನ ಮನೆ ಎಲ್ಲಿ ರೀ?"

ಮೇಜಿನ ಮೇಲೆ ಅಪ್ಪಳಿಸಿದ ನಕ್ಷೆಯ ಹಾಳೆಯಿಂದ ಇಟ್ಟಿಗೆಯ ಧೂಳು ಎದ್ದಿತು. ಬಿಲ್ಡರ್ ಕಂಪನಿಯ ಆಫೀಸಿನಲ್ಲಿ ನಕ್ಷೆ ತಯಾರಿಸುತ್ತಿದ್ದ ಅವಳು ಬೆಚ್ಚಿ ತಲೆಯೆತ್ತಿದಳು. ಕೂದಲು, ಹುಬ್ಬು, ರೆಪ್ಪೆ... ಎಲ್ಲದರ ಮೇಲೂ ಅದೇ ಕೆಂಪು ಧೂಳು ಹೊತ್ತು ನಿಂತ ಗಂಡಸು.

ಮುಖ ಹೊಸದು. ದನಿ ಮಾತ್ರ...

ಅಯ್ಯೋ, ಅವನೇ! ತಿಂಗಳುಗಟ್ಟಲೆ ಫೋನಿನಲ್ಲಿ "ಏನ್ರೀ ಗೆರೆ ಮೇಡಂ, ನನ್ನ ಅಳತೆಗಳೆಲ್ಲ ಕ್ಷೇಮವಾ?" ಎಂದು ಕಾಡಿಸುತ್ತಿದ್ದ ಸರ್ವೆಯರ್! ಮೋರಿಯ ಹಿಂದಿನ ಸಾಲುಮನೆಗಳನ್ನು ಅಳೆದು ಅವನು ಕಳಿಸಿದ ಡ್ರಾಯಿಂಗ್‌ನಲ್ಲಿ ಹೊಸ್ತಿಲುಗಳಿದ್ದವು, ಬಟ್ಟೆ ಒಗೆಯುವ ಕಲ್ಲೂ ಇತ್ತು. ಬಡವರ ಒಗೆಯುವ ಕಲ್ಲನ್ನೂ ಲೆಕ್ಕಕ್ಕೆ ಹಿಡಿಯುವ ಮನುಷ್ಯ ಹೇಗಿರಬಹುದೆಂದು ಯೋಚಿಸುತ್ತಲೇ ಅವಳು ಅವನಿಗೆ ಅರ್ಧ ಸೋತಿದ್ದಳು.

ಅವಳಿಗರಿವಿಲ್ಲದೆ ತುಟಿಯ ಮೇಲೆ ನಗು ಬಂದುಬಿಟ್ಟಿತು.

"ನಗ್ತೀರಾ? ಬೆಳಿಗ್ಗೆ ಮುಂದಿನ ಸಾಲು ಪೂರ್ತಿ ಕೆಡವಿದ್ರು. ನಿಮ್ಮ ಕಂಪನಿ ನಕ್ಷೆ ತೋರಿಸಿ, ಇಲ್ಲಿ ಮನೆಗಳೇ ಇಲ್ಲ, ಖಾಲಿ ಜಾಗ ಅಂದ್ರು. ಅಕ್ಕ ಒಳಗಿದ್ಲು! ಗೋಡೆ ಬಿದ್ದು ಬಲಗೈ ಜಜ್ಜಿಹೋಗಿದೆ. ನಾಳೆ ಹಿಂದಿನ ಸಾಲಿನ ಸರದಿ."

ಅವಳ ನಗು ಮುಖದ ಮೇಲೇ ಸತ್ತಿತು. ಗಡಿಬಿಡಿಯಿಂದ ಫೈಲು ತೆರೆದಳು. ಸ್ಕ್ರೀನ್ ಮೇಲೆ ಮನೆಗಳೆಲ್ಲ ಇದ್ದವು!

"ಇಲ್ಲಿದೆಯಲ್ಲ... ನೋಡಿ!"

"ಬುಲ್ಡೋಜರ್ ನಿಮ್ಮ ಸ್ಕ್ರೀನ್ ನೋಡ್ಕೊಂಡು ಬರುತ್ತಾ? ಈ ಹಾಳೆ ಮೇಲಿರೋ ಸಹಿ ನಿಮ್ಮದೇ ತಾನೇ? ಯಾರನ್ನ ಮೆಚ್ಚಿಸೋಕೆ ಅಳಿಸಿದ್ರಿ?"

"ನಾನು ಅಳಿಸಿಲ್ಲ..."

"ಹಾಗಾದ್ರೆ ಮನೆಗಳು ತಾವೇ ಎದ್ದು ಹೋದ್ವಾ?"

ಅಕ್ಕಪಕ್ಕದ ಮೇಜಿನವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅವನು ಬಾಗಿಲು ದೂಡಿಕೊಂಡು ಹೊರಟೇಹೋದ.

ಅವಳು ಕಾರಣ ಹುಡುಕಿದಳು. ಹುಡುಕುವುದೇನು ಬಂತು, ಕಣ್ಣೆದುರಿಗೇ ಇತ್ತು. ಅವನ ಡ್ರಾಯಿಂಗ್‌ನಿಂದ 'ಹಳೆ ಕಟ್ಟಡ' ಎಂಬ ಲೇಯರನ್ನು, ಅಂದರೆ ಮನೆಗಳ ಗೆರೆಗಳಿದ್ದ ಪದರವನ್ನು, ಅವಳು ಕಂಪನಿಯ ಡ್ರಾಯಿಂಗಿಗೆ ಸಾಗಿಸಿದ್ದಳು. ಅಲ್ಲಿ ಅದೇ ಹೆಸರಿನ ಲೇಯರ್ ಮೊದಲೇ ಕೂತಿತ್ತು, ಪ್ರಿಂಟ್ ಆಗದ ಹಾಗೆ. ಹೆಸರು ಒಂದೇ ಆದರೆ ಹೊಸದಾಗಿ ಬಂದ ಗೆರೆಗಳು ಅಲ್ಲಿ ಮೊದಲಿದ್ದದ್ದರ ಕಟ್ಟಳೆಗೆ ತಲೆಬಾಗುತ್ತವೆ. ಸ್ಕ್ರೀನ್ ಮೇಲೆ ಕಾಣುತ್ತವೆ, ಕಾಗದಕ್ಕೆ ಇಳಿಯುವುದಿಲ್ಲ. ಈ ಕಸುಬಿಗೆ ಬಂದವರಿಗೆ ಮೊದಲು ಹೇಳಿಕೊಡುವ ಪಾಠ ಅದು. ಅವಳು ಸ್ಕ್ರೀನ್ ನಂಬಿ, ಪ್ರಿಂಟನ್ನು ಬಿಡಿಸಿಯೂ ನೋಡದೆ ಸಹಿ ಗೀಚಿದ್ದಳು.

ಅಳಿಸಿರಲಿಲ್ಲ, ನಿಜ. ನೋಡಿರಲಿಲ್ಲ. ಆ ಅಕ್ಕನ ಕೈಗೆ ಎರಡೂ ಒಂದೇ ಅಲ್ಲವೇ!

ಯಜಮಾನರ ಕೋಣೆಗೆ ಓಡಿ ಎಲ್ಲವನ್ನೂ ಹೇಳಿದಳು. ಅವರು ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರು.

"ಗೊತ್ತಮ್ಮಾ. ಪ್ರಿಂಟ್ ಬಂದ ದಿನವೇ ನೋಡಿದೆ."

"ನೋಡಿದ್ರಾ? ಮತ್ಯಾಕೆ ಸುಮ್ಮನಿದ್ರಿ ಸಾರ್?"

"ತಾನಾಗಿ ಖಾಲಿಯಾದ ಜಾಗಾನ ಯಾರಾದ್ರೂ ತುಂಬಿಸ್ತಾರಾ? ನಾವು ವರ್ಷಗಟ್ಟಲೆ ಕೋರ್ಟಿಗೆ ಅಲೆದ್ರೂ ಆಗ್ದಿದ್ದನ್ನ ನೀನು ಕೂತಲ್ಲೇ ಮುಗಿಸಿದೆ!" ಅವರು ನಕ್ಕರು. "ಬಾಯಿ ಬಿಟ್ಟರೆ ಉರುಳೋದು ನಿನ್ನ ತಲೆ. ಸಹಿ ನಿಂದು. ಹೋಗು, ಒಂದು ಟೀ ಕುಡಿ."

ಜನರನ್ನು ಬೀದಿಗೆ ಹಾಕಲು ದೊಡ್ಡ ಪಿತೂರಿಯೇ ಬೇಕೆಂದಿಲ್ಲ. ಕೆಳಗೆ ಕೂತವಳೊಬ್ಬಳು ಮೈಮರೆತರೆ, ಮೇಲೆ ಕೂತವನೊಬ್ಬ ಸುಮ್ಮನಿದ್ದರೆ ಕೆಲಸ ಮುಗಿಯಿತು.

ಅವಳು ಟೀ ಕುಡಿಯಲಿಲ್ಲ. ಆ ಲೇಯರಿನ ಪ್ರಿಂಟ್ ಚಾಲೂ ಮಾಡಿ ಹಾಳೆ ತೆಗೆದಳು. ಈ ಸಲ ಮೂಲೆಮೂಲೆಯನ್ನೂ ನೋಡಿ ಸಹಿ ಹಾಕಿದಳು.

ಮರುದಿನ ಹಿಂದಿನ ಸಾಲಿನ ಮುಂದೆ ಬುಲ್ಡೋಜರ್ ಗುರುಗುಟ್ಟುತ್ತಿತ್ತು. ಅವಳು ಸೀದಾ ಹೋಗಿ, ಮನೆ ಕೆಡವಿಸಲು ಬಂದಿದ್ದ ಅಧಿಕಾರಿಯ ಎದುರು ನಿಂತಳು.

"ಸಾರ್, ನಿಲ್ಲಿಸಿ! ಆ ನಕ್ಷೆ ತಪ್ಪು. ತಪ್ಪು ನನ್ನದು."

ಅಧಿಕಾರಿ ಎರಡೂ ಹಾಳೆಗಳನ್ನು ಜೀಪಿನ ಮೇಲೆ ಹರಡಿದ. "ಮನೆ ಇಲ್ಲ ಅಂತ ಸಹಿ ಹಾಕಿದವಳೂ ನೀನೇ, ಇದೆ ಅನ್ನೋಳೂ ನೀನೇ. ಯಾವ ಹಾಳೆ ನಂಬ್ಲಮ್ಮಾ?"

"ಮನೆಗಳು ಕಣ್ಣೆದುರಿಗೇ ಇದ್ರೂ ಆ ಹಾಳೇನ ನಂಬಿದ್ರಲ್ಲ ಸಾರ್!"

ಅವನ ಮುಖ ಕಪ್ಪಿಟ್ಟಿತು. ಸುತ್ತ ಜನ ಸೇರಿದ್ದರು.

"ಬರೆದುಕೊಡ್ತೀಯಾ? ಕೆಲಸ ಹೋಗತ್ತೆ. ಕೇಸೂ ಬೀಳಬಹುದು."

"ಕೊಡ್ತೀನಿ."

ಅವಳು ಬರೆದುಕೊಟ್ಟಳು. ಯಂತ್ರದ ಸದ್ದು ನಿಂತಿತು. ಹಿಂದಿನ ಸಾಲು ಉಳಿಯಿತು.

ಯಾರೂ ಅವಳಿಗೆ ಕೈಮುಗಿಯಲಿಲ್ಲ. ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡ ಹೆಂಗಸೊಬ್ಬಳು ಗುಂಪಿನಿಂದ ಹೊರಬಂದಳು. ಅವನ ಅಕ್ಕ!

"ಇವಳೇನಾ?"

ಎಡಗೈಯ ಏಟು ಕೆನ್ನೆಗೆ ಬಿತ್ತು.

"ನೆನ್ನೆ ಎಲ್ಲಿ ಸತ್ತಿದ್ಯೇ?"

ಅವನು ಎರಡು ಮಾರು ದೂರದಲ್ಲೇ ನಿಂತಿದ್ದ. ತಡೆಯಲಿಲ್ಲ.

ಗುಂಪು ಚದುರಿದ ಮೇಲೂ ಅವಳು ಒಡೆದ ಗೋಡೆಯೊಂದರ ಮೇಲೆ ಕುಸಿದು ಕೂತೇ ಇದ್ದಳು. ಹೆಜ್ಜೆಯ ಸದ್ದು ಹತ್ತಿರ ಬಂದು ನಿಂತಿತು.

"ಅಕ್ಕನ್ನ ತಡೀಲಿಲ್ಲ ನಾನು."

"ತಡೆದಿದ್ರೆ ನಿಮ್ಮ ಮೇಲೆ ನಂಗಿರೋ ಮರ್ಯಾದೆ ಹೋಗ್ತಿತ್ತು."

ಅವನು ನೆಲ ನೋಡಿದ. "ಬೇಕಂತ್ಲೇ ಅಳಿಸಿದ್ರಿ ಅಂದೆ. ತಪ್ಪಾಯ್ತು."

"ಪ್ರಿಂಟ್ ನೋಡ್ಲಿಲ್ಲ ನಾನು. ಅದಕ್ಕೇನು ಅಂತೀರಿ?"

ಅವನು ಕಾಲಿನಿಂದ ಒಂದು ಇಟ್ಟಿಗೆ ಚೂರನ್ನು ಪಕ್ಕಕ್ಕೆ ಸರಿಸಿದ.

"ದಿನಾ ಅಳತೆ ಕೇಳೋಕೆ ಫೋನ್ ಮಾಡ್ತಿದ್ದೆ ಅಂದ್ಕೊಂಡ್ರಾ? ನಿಮ್ಮ ದನಿ ಕೇಳದಿದ್ರೆ ಊಟ ಸೇರ್ತಿರಲಿಲ್ಲ. ನೆನ್ನೆ ಅದೇ ದನೀನ ದ್ವೇಷ ಮಾಡಿದೆ. ಈಗ್ಲೂ ಪೂರ್ತಿ ಕ್ಷಮಿಸೋಕೆ ಆಗ್ತಿಲ್ಲ. ಆದ್ರೂ ನೀನು ಬೇಕು... ಇದೆಂಥ ಹಣೆಬರಹಾನೋ!"

ಅವಳ ಕಣ್ಣು ತುಂಬಿತು. ಏಟು ಬಿದ್ದಾಗ ಬಾರದ ನೀರು ಈಗ ಬಂತು.

"ನಿಂಗೆ ಕ್ಷಮಿಸೋಕೆ ಆದಾಗ ಕ್ಷಮಿಸು. ಅಲ್ಲೀವರೆಗೆ ಹತ್ತಿರದಲ್ಲೇ ಇರ್ತೀನಿ. ಬಯ್ಯಬೇಕು ಅನ್ನಿಸಿದಾಗ ನನ್ನ ಹುಡ್ಕೊಂಡು ಅಲೆಯೋದು ಬೇಡ."

"ಅಕ್ಕ ಮತ್ತೆ ಹೊಡೀತಾಳೆ."

"ಹೊಡೀಲಿ."

ಅವನು ಪಕ್ಕದಲ್ಲಿ ಕೂತು, ಅವಳ ತೋಳು ಹಿಡಿದು ತನ್ನತ್ತ ಮೆಲ್ಲಗೆ ಎಳೆದ.

"ಈ ಕಡೆ ಸರಿ... ಅಲ್ಲಿ ಮೊಳೆ ಇದೆ."