ನೋವಿನ ಅಂಕಿ ಎಂಟು

ಸೋಮವಾರ, ಹನ್ನೆರಡನೇ ತಾರೀಖು, ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ಬಸ್ ಕಂಡಕ್ಟರ್ ಸಮವಸ್ತ್ರದಲ್ಲಿದ್ದ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿದಳು. ಪಾಳಿ ಮಧ್ಯದಲ್ಲೇ ಬಸ್ಸನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಂದಿದ್ದಳು. ಟಿಕೆಟ್ ಚೀಲ ಇನ್ನೂ ಹೆಗಲಲ್ಲೇ ಇತ್ತು.

"ಶನಿವಾರ ನನ್ನ ತಮ್ಮ ಹೋದ ಸರ್. ತಾನಾಗಿ ತಗೊಂಡು ಸತ್ತವನಲ್ಲ ಅವನು. ಯಾರೋ ಕೊಟ್ಟಿದ್ದಾರೆ. ಬರ್ಕೊಳ್ಳಿ."

ಇನ್‌ಸ್ಪೆಕ್ಟರಿಗೆ ಆ ಸಾವು ಗೊತ್ತಿತ್ತು. ಬೀಗ ರಿಪೇರಿಯವರ ಮಗ, ಇಪ್ಪತ್ತೇಳು ವರ್ಷ. ಹಳೆಯ ಚಟದ ಗಿರಾಕಿ ಎಂದು ಬೀಟ್ ಕಾನ್‌ಸ್ಟೇಬಲ್ ಹೇಳಿದ್ದರಿಂದ ಅಸಹಜ ಸಾವು ಎಂದು ದಾಖಲಾಗಿ, ಮರಣೋತ್ತರ ಪರೀಕ್ಷೆ ಮುಗಿದು, ಮಣ್ಣೂ ಆಗಿತ್ತು.

"ಎರಡು ದಿನ ಯಾಕೆ ಸುಮ್ಮನಿದ್ರಿ?"

"ಅಪ್ಪ ಬೇಡ ಅಂದ್ರು. ಹೋದವನು ಹೋದ, ಮತ್ತೆ ಊರ ಬಾಯಿಗೆ ಹಾಕಬೇಡ ಅಂದ್ರು."

"ನಿಮಗೆ ಯಾರ ಮೇಲೆ ಅನುಮಾನ?"

"ಗುಂಗುರು ಅಂತ ಒಬ್ಬನಿದ್ದಾನೆ, ಹಳೇ ಸ್ನೇಹಿತ. ಶುಕ್ರವಾರ ಸಂಜೆ ನಮ್ಮನೆ ಗೇಟ್ ಹತ್ರ ನಿಂತಿದ್ನಂತೆ. ನಾಲ್ಕು ತಿಂಗಳು ವ್ಯಸನಮುಕ್ತಿ ಕೇಂದ್ರದಲ್ಲಿದ್ದು ಬಂದಿದ್ದ ಸರ್ ನನ್ನ ತಮ್ಮ. ಕೈಕಾಲು ಹಿಡಿದು ನಾನೇ ಸೇರಿಸಿದ್ದೆ. ಬಂದು ಮೂರು ವಾರ ಆಗಿತ್ತಷ್ಟೆ."

ಅವಳು ಅಳಲಿಲ್ಲ. ಅಳದವರ ದೂರನ್ನು ಇನ್‌ಸ್ಪೆಕ್ಟರ್ ಎರಡು ಸಲ ಓದುತ್ತಿದ್ದರು, ಇದನ್ನೂ ಓದಿದರು. ಹನ್ನೆರಡೂ ಹತ್ತಕ್ಕೆ ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಮೂರೂಕಾಲಿಗೆ ಅವರು ಹೆಡ್ ಕಾನ್‌ಸ್ಟೇಬಲ್ ಜೊತೆ ಆ ಮನೆಗೆ ಹೋದರು. ದುಂಡಗಿನ ಅಕ್ಷರದ ದೆಸೆಯಿಂದ ಆ ಹೆಡ್ ಕಾನ್‌ಸ್ಟೇಬಲ್ ಠಾಣೆಗೆಲ್ಲ ‘ಮೇಷ್ಟ್ರು’ ಆಗಿದ್ದರು. ಪಂಚನಾಮೆ ಬರೆಯುವ ಪಾಡು ಖಾಯಂ ಅವರದೇ.

ರಸ್ತೆಗೆ ಮುಖಮಾಡಿದ್ದು ಅಂಗಡಿ. ಒಳಗೋಡೆಗೆ ಹಲಗೆ, ಹಲಗೆಯ ತುಂಬ ಇನ್ನೂ ಹಲ್ಲು ಕೊರೆಯದ ಬೀಗದ ಕೈಗಳು. ಅದರ ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಯಜಮಾನರು ಒರಗಿದ್ದರು. ಒಂದೂವರೆ ವರ್ಷದಿಂದ ಮೂಳೆಯ ಕ್ಯಾನ್ಸರ್. ಮಾತು ಮೆತ್ತಗಿತ್ತು. ಬನ್ನಿ, ಕೂತ್ಕೊಳ್ಳಿ ಎಂದರು. ಕಣ್ಣಿನಲ್ಲಿ ನಿದ್ದೆಯ ಸುಳಿವೂ ಇರಲಿಲ್ಲ. ಮಗನ ಕೋಣೆ ಅದರ ಪಕ್ಕದ್ದು: ಒಂದು ಹಾಸಿಗೆ, ಬಿಚ್ಚಿಟ್ಟ ಎರಡು ಬೀಗ, ಸ್ಪ್ರಿಂಗುಗಳನ್ನು ಗಾತ್ರದ ಪ್ರಕಾರ ಹಾಕಿಟ್ಟ ಡಬ್ಬಿ. ಎದುರು ಮನೆಯ ದರ್ಜಿಯನ್ನೂ ಪಂಕ್ಚರ್ ಅಂಗಡಿಯವನನ್ನೂ ಪಂಚರಾಗಿ ಕೂರಿಸಿಕೊಂಡು ಹಾಸಿಗೆ ಮಗುಚಿ ನೋಡಿದರು. ಸಿರಿಂಜ್ ಇಲ್ಲ, ಸುಟ್ಟ ಕಾಗದವಿಲ್ಲ, ಪುಡಿಯ ಪೊಟ್ಟಣವಿಲ್ಲ.

"ಚೊಕ್ಕಟವಾಗಿದೆ ಸರ್," ಎಂದರು ಮೇಷ್ಟ್ರು.

"ಯಾರು ಗುಡಿಸಿದ್ದು?"

"ನಾನೇ," ಎಂದಿತು ಮಂಚದ ಕಡೆಯಿಂದ ದನಿ. "ಗೋಡೆ ಹಿಡ್ಕೊಂಡು ಗುಡಿಸಿದೆ."

ಹೊರಗೆ ಬಂದು ಜೀಪು ಹತ್ತುವಾಗ ಇನ್‌ಸ್ಪೆಕ್ಟರ್ ಕೇಳಿದರು, "ಮೇಷ್ಟ್ರೇ, ನಾವು ಒಳಗೆ ಎಷ್ಟು ಹೊತ್ತಿದ್ವಿ?"

"ಒಂದೂಕಾಲು ಗಂಟೆ."

"ಅಷ್ಟು ಹೊತ್ತಲ್ಲಿ ಆ ಮನುಷ್ಯ ಒಂದು ಸಲನಾದ್ರೂ ಯಾರು ಕೊಟ್ಟಿದ್ದು ಅಂತ ಕೇಳಿದ್ನಾ?"

ಮೇಷ್ಟ್ರು ಯೋಚಿಸಿ ತಲೆಯಾಡಿಸಿದರು. ಕೇಳಿರಲಿಲ್ಲ.

ಆ ಅನುಮಾನವನ್ನು ಇನ್‌ಸ್ಪೆಕ್ಟರ್ ಸದ್ಯಕ್ಕೆ ಕಟ್ಟಿಟ್ಟರು. ಗುಂಗುರು ಮರುದಿನ ಬೆಳಗ್ಗೆ ಸಿಕ್ಕಿದ. ತಲೆಯ ಮೇಲೆ ಹಕ್ಕಿ ಗೂಡು ಕಟ್ಟಿದಂಥ ಕೂದಲು, ಕಡ್ಡಿಯಂಥ ಕೈ, ಜೇಬಿನಲ್ಲಿ ಎರಡು ಪೊಟ್ಟಣ ಕಂದು ಪುಡಿ.

"ಶುಕ್ರವಾರ ಅವನ ಮನೆಗೆ ಹೋಗಿದ್ಯಾ?"

"ಗೇಟಿನ ತನಕ."

"ಏನು ಕೊಟ್ಟೆ?"

"ಏನೂ ಕೊಟ್ಟಿಲ್ಲ. ಬಾ ಅಂತ ಕರೆದೆ. ಬರಲ್ಲ ಅಂದ."

"ಚಟ ಬಿಟ್ಟವನು ನಿನ್ನನ್ನ ಮಾತಾಡಿಸಿದ್ದಾದ್ರೂ ಯಾಕೆ?"

"ಗೇಟಿನ ಚಿಲಕ ತೆಗೀತಿದ್ದ, ಹಾಕ್ತಿದ್ದ ಸರ್ ಅವನು. ಬರೋ ಮನಸ್ಸೂ ಇತ್ತು. ಆಮೇಲೆ ಮನೆ ಕಡೆ ನೋಡಿ, ಬೇಡ, ಮನೇಲೇ ಇರ್ತೀನಿ, ಅಪ್ಪ ನೋಡ್ಕೋತಾರೆ ಅಂದ."

ಜೇಬಿನಲ್ಲಿ ಸಿಕ್ಕ ಪುಡಿಯ ಮೇಲೆ ಬೇರೆ ಪ್ರಕರಣ ಹಾಕಿ ಗುಂಗುರುವನ್ನು ನ್ಯಾಯಾಂಗ ಬಂಧನಕ್ಕೆ ಕಳಿಸಿದರು. ಸಾವಿನ ಪ್ರಕರಣಕ್ಕೆ ಮಾತ್ರ ಅವನನ್ನು ಸೇರಿಸಲಿಲ್ಲ. ಮೇಲಧಿಕಾರಿಯಿಂದ ಫೋನು ಬಂತು: ಕಣ್ಣೆದುರಿಗೆ ಗಿರಾಕಿ ಇದ್ದಾನಲ್ಲ, ಇನ್ನೇನು ಗುದ್ದಾಟ? ಪ್ರಯೋಗಾಲಯದ ವರದಿ ಬರಲಿ ಸಾರ್ ಎಂದರು ಇನ್‌ಸ್ಪೆಕ್ಟರ್.

ವರದಿ ಇಪ್ಪತ್ತನೇ ತಾರೀಖು ಬಂತು. ಸತ್ತವನ ಹೊಟ್ಟೆಯಲ್ಲಿ ಇದ್ದದ್ದು ಪುಡಿಯಲ್ಲ. ಮಾರ್ಫಿನ್ ಮಾತ್ರೆ, ಕ್ಯಾನ್ಸರ್ ರೋಗಿಗಳ ನೋವಿಗೆ ಕೊಡುವಂಥದ್ದು. ಇನ್‌ಸ್ಪೆಕ್ಟರ್ ಅದನ್ನು ಹಿಡಿದುಕೊಂಡು ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯೆಯ ಬಳಿಗೆ ಹೋದರು.

"ಬೇಕಂತಲೇ ಜಾಸ್ತಿ ಕೊಟ್ಟಿರಬಹುದಾ?"

"ಹಾಗೇ ಅಂತ ಹೇಳೋಕಾಗಲ್ಲ. ಮೊದಲು ತಗೋತಿದ್ದಷ್ಟೇ ತಗೊಂಡಿದ್ರೂ ಸಾಕಿತ್ತು. ನಾಲ್ಕು ತಿಂಗಳು ಬಿಟ್ಟಿದ್ದ ಅಂದ್ರಲ್ಲ? ದೇಹ ಅಭ್ಯಾಸ ಮರೆತಿರುತ್ತೆ. ನಿನ್ನೆ ತಡ್ಕೊಂಡಿದ್ದನ್ನ ಇವತ್ತು ತಡ್ಕೊಳ್ಳಲ್ಲ."

ಜೀಪಿನಲ್ಲಿ ಮೇಷ್ಟ್ರು ಲೆಕ್ಕ ಮುಗಿಸಿಬಿಟ್ಟಿದ್ದರು. "ಅಪ್ಪನ ಮಾತ್ರೆ ಕದ್ದಿದ್ದಾನೆ ಸರ್. ಬೀಗ ಬಿಚ್ಚೋದು ಅವನಿಗೆ ಬಾಳೆಹಣ್ಣು ಸುಲಿದಷ್ಟು ಸುಲಭ. ಕೇಸು ಮುಗೀತು."

ಇನ್‌ಸ್ಪೆಕ್ಟರಿಗೆ ಆ ಲೆಕ್ಕ ಕೂಡಲಿಲ್ಲ. ಕದ್ದಿದ್ದರೆ ಡಬ್ಬಿಯಲ್ಲಿ ಮಾತ್ರೆ ಕಡಿಮೆಯಾಗಬೇಕು. ಮಾತ್ರೆ ಕಡಿಮೆಯಾದರೆ, ಮೂಳೆಯಲ್ಲಿ ಬೆಂಕಿ ಇಟ್ಟುಕೊಂಡ ಮನುಷ್ಯ ಬಾಯಿ ಬಿಡಬೇಕು. ಬಿಟ್ಟಿದ್ದಾನೆಯೇ?

ಇಪ್ಪತ್ತೆರಡನೇ ತಾರೀಖು, ಗುರುವಾರ, ಆಸ್ಪತ್ರೆಯ ನೋವು ಶಮನ ವಿಭಾಗದಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ವಾರಕ್ಕೊಮ್ಮೆ ಶುಕ್ರವಾರ ಮನೆಮನೆಗೆ ಹೋಗಿ ಮಾತ್ರೆ ಕೊಟ್ಟು ಬರುತ್ತಿದ್ದ ನರ್ಸ್ ತನ್ನ ಡೈರಿ ತೆಗೆದಿಟ್ಟಳು. ಪ್ರತಿ ಭೇಟಿಯಲ್ಲೂ ರೋಗಿ ತನ್ನ ನೋವಿಗೆ ಹತ್ತರಲ್ಲಿ ಒಂದು ಅಂಕಿ ಹೇಳಬೇಕು. ಅವಳು ಅದನ್ನು ಬರೆದುಕೊಳ್ಳುತ್ತಾಳೆ.

"ಮಾತ್ರೆ ಕಳುವಾಯ್ತು ಅಂತ ಯಾವತ್ತಾದ್ರೂ ಹೇಳಿದ್ದಾರಾ?"

"ಇಲ್ಲ. ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನ ಸರಿಯಾಗಿ ವಾಪಸ್ ಕೊಡ್ತಾರೆ. ಅವರಷ್ಟು ಅಚ್ಚುಕಟ್ಟು ಯಾರೂ ಇಲ್ಲ."

ಇನ್‌ಸ್ಪೆಕ್ಟರ್ ಬೆರಳಿಟ್ಟು ಓದಿದರು. ಕಳೆದ ವರ್ಷ ಎಂಟು ತಿಂಗಳ ಕಾಲ ಏಳು, ಎಂಟು, ಒಂಬತ್ತು. ಮಾತ್ರೆ ಹೆಚ್ಚಿಸಬೇಕೆಂದು ನರ್ಸ್ ಮೂರು ಸಲ ಬರೆದು, ಮೂರು ಸಲ ಹೆಚ್ಚಿಸಿದ್ದರೂ ಅಂಕಿ ಇಳಿದಿರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಮೂರು. ಎರಡು. ‘ಅಂಗಡಿಯಲ್ಲಿ ಕೂತಿದ್ದರು’ ಎಂದು ಒಂದು ಕಡೆ. ಹೀಗೆ ನಾಲ್ಕು ತಿಂಗಳು, ಮಗ ಕೇಂದ್ರದಲ್ಲಿದ್ದ ಅಷ್ಟೂ ಕಾಲ. ಮಗ ಮನೆಗೆ ಬಂದ ಮೇಲೂ ಎರಡು ವಾರ ಮೂರೇ. ಆಮೇಲೆ, ಅವನು ಸತ್ತ ಹಿಂದಿನ ದಿನ, ಶುಕ್ರವಾರ ಬೆಳಗ್ಗೆ ಹತ್ತು ಗಂಟೆ: ಎಂಟು.

"ಈ ನಾಲ್ಕು ತಿಂಗಳು ಕಡಿಮೆ ಆಗಿದ್ದು ಯಾಕಮ್ಮಾ?"

"ಔಷಧಿ ಹಿಡೀತು ಅಂದ್ಕೊಂಡೆ ಸರ್," ಎಂದಳು ನರ್ಸ್. ಹೇಳುತ್ತಿದ್ದಂತೆ ಅವಳ ಮುಖವೂ ಬದಲಾಯಿತು.

ಇಪ್ಪತ್ತಮೂರು, ಶುಕ್ರವಾರ, ಮಧ್ಯಾಹ್ನ ಎರಡೂವರೆ. ಇನ್‌ಸ್ಪೆಕ್ಟರ್ ಮಂಚದ ಪಕ್ಕ ಸ್ಟೂಲು ಎಳೆದುಕೊಂಡರು. ಬಾಗಿಲ ಬಳಿ ಮೇಷ್ಟ್ರು ಪ್ಯಾಡು ಹಿಡಿದು ನಿಂತರು.

"ಯಜಮಾನ್ರೇ, ಕೇಸು ಮುಗಿಸ್ತಾ ಇದ್ದೀವಿ. ನಿಮ್ಮ ಮಗ ನಿಮ್ಮ ಮಾತ್ರೆ ಕದ್ದು ನುಂಗಿದ್ದಾನೆ. ಹಾಗಂತ ಬರೀತೀವಿ."

"ಕದ್ದು ಅಂತ ಯಾಕೆ?"

"ಬೀಗ ಬಿಚ್ಚೋನು. ಕಳ್ಳತನ ಬಿಟ್ಟು ಬೇರೆ ಏನಂತ ಬರೆಯೋದು?"

ಯಜಮಾನರು ಸೂರು ನೋಡುತ್ತ ಮಲಗಿದ್ದರು. ಬರೆಯಿರಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಡೈರಿ ನ್ಯಾಯಾಲಯದಲ್ಲಿ ನಿಲ್ಲುತ್ತದೆಂಬ ಧೈರ್ಯ ಇನ್‌ಸ್ಪೆಕ್ಟರಿಗೇ ಇರಲಿಲ್ಲ.

"ಅವನು ಏನೇನೋ ಮಾಡಿದ್ದಾನೆ," ಎಂದರು ಯಜಮಾನರು ಕೊನೆಗೆ. "ಆದ್ರೆ ಅವನನ್ನ ಕಳ್ಳ ಅನ್ನಬೇಡಿ. ನಾನೇ ಕೊಟ್ಟೆ."

ಮೇಷ್ಟ್ರ ಪೆನ್ನು ನಿಂತಿತು. ಇನ್‌ಸ್ಪೆಕ್ಟರ್ ಬರೆಯಿರಿ ಎಂದು ಸನ್ನೆ ಮಾಡಿದರು.

"ಯಾವಾಗಿಂದ?"

"ಕೇಂದ್ರಕ್ಕೆ ಹೋಗೋ ಮುಂಚೆ, ದಿನಾ. ಬಂದ ಮೇಲೆ ಅದೊಂದೇ ಸಲ. ಬುಧವಾರದಿಂದ ಒಳಗೂ ಹೊರಗೂ ಓಡಾಡ್ತಿದ್ದ. ಮತ್ತೆ ಹೊರಟ ಅನ್ನಿಸ್ತು. ನನ್ನವನ್ನ ನುಂಗದೆ ತೆಗೆದಿಟ್ಟೆ. ಶುಕ್ರವಾರ ಆ ಹುಡುಗ ಬಂದು ಗೇಟಲ್ಲಿ ನಿಂತ. ಇವನನ್ನ ಒಳಗೆ ಕರೆದು ಕೊಟ್ಟೆ."

"ಎಷ್ಟು?"

"ಮೊದಲು ಕೊಡ್ತಿದ್ದಷ್ಟೇ. ಒಂದೂ ಹೆಚ್ಚಿಲ್ಲ. ಅಷ್ಟಕ್ಕೆ ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ. ಅವನು ಬೇಡ ಅಂದ. ಎರಡು ಸಲ ಬೇಡ ಅಂದ."

ಮೇಷ್ಟ್ರು ಅದನ್ನೂ ಬರೆದುಕೊಂಡರು.

"ಗುಂಗುರುನ ಹಿಡಿದಿದ್ದು ಗೊತ್ತಿತ್ತಾ?"

"ಗೊತ್ತಿತ್ತು. ಅವನೇ ಅಂತ ಇರ್ಲಿ ಅನ್ನಿಸ್ತು. ಮಗಳ ಮುಖ ನೋಡೋ ಧೈರ್ಯ ಇರ್ಲಿಲ್ಲ."

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಅವರು ಮಗನನ್ನು ಮನೆಯಿಂದ ಹೊರಗೆ ಹಾಕಿ, ತಾವೇ ಮಾಡಿದ ಬೀಗ ಜಡಿದಿದ್ದರಂತೆ. ಮೂರನೇ ದಿನ ಬಸ್ ನಿಲ್ದಾಣದ ಶೌಚಾಲಯದಲ್ಲಿ ಅವನು ತುಟಿ ನೀಲಿಗಟ್ಟಿ ಬಿದ್ದಿದ್ದ. ಬಾಗಿಲು ಮುರಿದು ಹೊತ್ತು ತಂದವರು ಇವರೇ. ಇನ್ನು ಏನೇ ಆಗಲಿ ಅವನು ಹೊರಗೆ ಹೋಗಿ ಸಾಯಬಾರದು, ಮನೆಯಲ್ಲಿ ತಮ್ಮ ಕಣ್ಣೆದುರಿಗೆ ಇರಬೇಕು ಎಂದು ಅವತ್ತು ನಿಶ್ಚಯಿಸಿದರು. ಕಾಯಿಲೆ ಬಂದು ಮಾತ್ರೆ ಕೈಸೇರಿದಾಗ ಅದಕ್ಕೆ ದಾರಿ ಸಿಕ್ಕಿತು.

"ನೋವು ಹೇಗೆ ತಡ್ಕೊಂಡ್ರಿ?"

"ನೋವಿಗೇನು. ಅದು ನಂದೇ ಅಲ್ವಾ."

ಉದ್ದೇಶವಿಲ್ಲದ ನರಹತ್ಯೆ ಮತ್ತು ಮಾದಕ ವಸ್ತು ಕಾಯ್ದೆಯ ಕಲಂಗಳಡಿ ಸಂಜೆ ನಾಲ್ಕು ನಲವತ್ತಕ್ಕೆ ಬಂಧನವಾಯಿತು. ಕೈಕೋಳ ಹಾಕಲಿಲ್ಲ, ಆಂಬುಲೆನ್ಸ್ ಕರೆಸಿದರು. ಬಂಧನದ ಪತ್ರದಲ್ಲಿ ‘ಮಾಹಿತಿ ತಿಳಿಸಬೇಕಾದ ಸಂಬಂಧಿ’ ಎಂಬ ಕಡೆ ಮೇಷ್ಟ್ರು ಮಗಳ ಹೆಸರು ಬರೆದು, ಇನ್ನೊಮ್ಮೆ ನೋಡಿ ತಲೆ ಎತ್ತಿದರು. ಎಫ್‌ಐಆರ್‌ನಲ್ಲಿ ದೂರುದಾರಳಾಗಿದ್ದವಳೂ ಅವಳೇ.

ಭಾನುವಾರ ಬೆಳಗ್ಗೆ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋದಾಗ ಕೈದಿಗಳ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅವಳು ಕೂತಿದ್ದಳು. ಒಳಗೆ ಹೋಗಿರಲಿಲ್ಲ. ಬಂದು ಎರಡು ಗಂಟೆಯಾಯಿತೆಂದು ಕಾವಲಿನ ಕಾನ್‌ಸ್ಟೇಬಲ್ ಹೇಳಿದ.

"ಅನುಮತಿ ಇದೆ. ಹೋಗಬಹುದು," ಎಂದರು ಇನ್‌ಸ್ಪೆಕ್ಟರ್.

"ಇಲ್ಲಿ ಅವರಿಗೆ ಮಾತ್ರೆ ಕೊಡ್ತಾ ಇದ್ದಾರಾ?"

"ಹೊತ್ತೊತ್ತಿಗೆ. ನರ್ಸ್ ಎದುರಿಗೆ ನಿಂತು ನುಂಗಿಸ್ತಾಳೆ."

"ಈಗ ಏನ್ ಮಾಡ್ತಿದ್ದಾರೆ?"

ಇನ್‌ಸ್ಪೆಕ್ಟರ್ ಬಾಗಿಲ ಗಾಜಿನಿಂದ ಇಣುಕಿದರು. ಯಜಮಾನರು ಗೋಡೆಯ ಕಡೆ ತಿರುಗಿ, ಮಂಡಿ ಮಡಿಸಿ, ಬಾಯಿ ಸ್ವಲ್ಪ ತೆರೆದು ಮಲಗಿದ್ದರು.

"ನಿದ್ದೆ. ನಿನ್ನೆಯಿಂದ ಬರೀ ನಿದ್ದೆಯಂತೆ."

ಅವಳು ಎದ್ದು ಬಂದು ಗಾಜಿನ ಮುಂದೆ ಬಹಳ ಹೊತ್ತು ನಿಂತಳು. ಬಾಗಿಲ ಹಿಡಿಯ ಮೇಲೆ ಕೈ ಇಟ್ಟಳು, ತಿರುಗಿಸಲಿಲ್ಲ.

"ಎಬ್ಬಿಸೋದು ಬೇಡ ಸರ್," ಎಂದಳು. "ತಾವಾಗಿ ಏಳ್ಲಿ. ಆಮೇಲೆ ಕೇಳ್ತೀನಿ."