ಪ್ಯಾಕಾರ್ಡ್ ಗಾಜಿನ ಹಿಂದೆ ಕೂತವನು

“ಆ ಡಬ್ಬ ಮುಟ್ಬೇಡಿ!”

ಚರ್ಚಿನ ನೆಲಮಾಳಿಗೆಯ ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೂಗಿದವಳು ಡನೂಟಾ. ಡಬ್ಬದ ಮೇಲೆ ಕೈಯಿಟ್ಟಿದ್ದವನು ಎತ್ತರದ ಒಬ್ಬ ಅಪರಿಚಿತ.

“ಕ್ಷಮಿಸಿ... ಮೇಜಿನ ಮೇಲಿತ್ತು, ಅದಕ್ಕೇ...”

“ಮೇಜಿನ ಮೇಲೆ ಬಂದಿದ್ದೇ ತಪ್ಪು. ಅದು ಕೊಡೋದಲ್ಲ!”

ಅವಳ ಗಂಡ ತಾದೆಕ್ ತೀರಿಕೊಂಡು ಎರಡು ವರ್ಷವಾಗಿತ್ತು. ಹ್ಯಾಮ್‌ಟ್ರಾಮಿಕ್ ಊರಿನ, ಬಿಡಿಭಾಗ ಜೋಡಿಸಿ ಮಾಡೆಲ್ ಕಾರು ಕಟ್ಟುವವರ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಸದಸ್ಯ ಸತ್ತರೆ ಅವನು ಕೂಡಿಟ್ಟ ಡಬ್ಬಗಳನ್ನೆಲ್ಲ ಮೇಜಿಗೆ ತಂದಿಡಬೇಕು, ಅವನು ಅರ್ಧಕ್ಕೆ ಬಿಟ್ಟದ್ದನ್ನು ಇನ್ನೊಬ್ಬ ಒಯ್ದು ಮುಗಿಸಬೇಕು. ಡನೂಟಾ ಮೂವತ್ತೆಂಟು ಡಬ್ಬ ತಂದಿದ್ದಳು. ಅವುಗಳ ಜೊತೆ ಇದೂ ಬಂದುಬಿಟ್ಟಿತ್ತು. 1934ರ ಪ್ಯಾಕಾರ್ಡ್, ಶ್ರೀಮಂತರ ಕಾರು! ನಿಜವಾದ ಕಾರಿನ ಎಂಟರಲ್ಲಿ ಒಂದು ಭಾಗದ ಅಳತೆ. ಮುಗಿದರೆ ಕೈಕೂಸಿನಷ್ಟು ಉದ್ದ. ತಾದೆಕ್‌ನ ಅಜ್ಜ ಆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಸೀಟು ಹೊಲಿದಿದ್ದ. ಒಂದು ದಿನವೂ ಆ ಕಾರಿನಲ್ಲಿ ಕೂತಿರಲಿಲ್ಲ.

ಅಪರಿಚಿತ ಡಬ್ಬವನ್ನು ಮೆಲ್ಲಗೆ ಅವಳತ್ತ ಸರಿಸಿದ.

“ತಗೊಂಡ್ಹೋಗಿ. ಆದ್ರೆ ಒಂದ್ಮಾತು ಮೇಡಂ, ಡಬ್ಬದಲ್ಲೇ ಬಿಟ್ರೆ ಪ್ಲಾಸ್ಟಿಕ್ಕೂ ಸೊಟ್ಟ ಆಗುತ್ತೆ. ಮನೆಯಿಂದ ಹೊರಗೆ ಕಳ್ಸೋಕೆ ಇಷ್ಟ ಇಲ್ದಿದ್ರೆ ನಾನೇ ಬರ್ತೀನಿ. ಅಂಟು ನೀವು ಹಚ್ಚಿ. ತಪ್ಪಾದ್ರೆ ಬೈಸ್ಕೊಳ್ಳೋಕೆ ನಾನಿರ್ತೀನಿ.”

ಎರಡು ವರ್ಷದಲ್ಲಿ ಮೊದಲ ಸಲ ಅವಳ ತುಟಿಯ ಕೊನೆ ಅಲುಗಿತು.

ಅವನ ಹೆಸರು ಲೋವೆಲ್. ಸಿಟಿ ಬಸ್ಸುಗಳ ಬ್ರೇಕ್ ರಿಪೇರಿ ಅವನ ಕಸುಬು. ಕ್ಲಬ್ಬಿಗೆ ಹೊಸಬ, ತಾದೆಕ್‌ನ ಮುಖವನ್ನೂ ಕಂಡವನಲ್ಲ. ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಅವಳ ಮನೆಗೆ ಬರತೊಡಗಿದ.

ಅವಳ ಮನೆಯ ನೆಲಮಾಳಿಗೆಯಲ್ಲಿ ತಾದೆಕ್‌ನ ಕುರ್ಚಿ ಹಾಗೇ ಇತ್ತು. ಲೋವೆಲ್ ಅದರಲ್ಲಿ ಕೂರಲಿಲ್ಲ. ಬಣ್ಣದ ಖಾಲಿ ಬಕೆಟ್ ಬೋರಲು ಹಾಕಿ ಕೂತ. ಅದನ್ನು ಡನೂಟಾ ನೋಡಿದಳು. ನೋಡಿಯೂ ನೋಡದವಳಂತೆ ಚಕ್ರದ ಕಡ್ಡಿಗಳನ್ನು ಜೋಡಿಸಿದಳು.

ಮೆಟ್ಟಿಲ ಮೇಲಿಂದ ಅತ್ತೆ, ತಾದೆಕ್‌ನ ತಾಯಿ ಯಾದ್ವಿಗಾಳ ದನಿ ಇಳಿದು ಬರುತ್ತಿತ್ತು.

“ಏ ಬಸ್ಸಿನವ್ನೇ! ಪಿಯೆರೋಗಿ ಕಡುಬು ಆರಿ ಹೋಗ್ತಿದೆ. ಆ ಕಾರು ತಿಂತೀಯಾ?”

“ಬಂದೆ ಅಮ್ಮಾ, ಬಂಪರ್ ಒಂದು ಬಾಕಿ!”

“ಮೂರು ವಾರದಿಂದ ಅದೇ ಬಂಪರ್! ನಂಗೆ ಕಣ್ಣು ಮಂಜು ಕಣಪ್ಪಾ, ಬುದ್ಧಿ ಅಲ್ಲ!”

ಡನೂಟಾಳ ಕಿವಿ ಕೆಂಪಾಗುತ್ತಿತ್ತು.

ಆದರೆ ಕಾರು ಬೆಳೆದಂತೆಲ್ಲ ಅವಳೊಳಗೆ ಒಂದು ಅಳುಕೂ ಬೆಳೆಯಿತು. ಒತ್ತಿ ಮುಚ್ಚಿಟ್ಟ ಕಾರಿನ ಬಾಗಿಲು ಮರುದಿನ ಕೂದಲೆಳೆಯಷ್ಟು ತೆರೆದಿರುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ಕಾಫಿ ಕುಡಿಯುತ್ತಾ, ಹವೆಯ ಮಾತಾಡಿದಷ್ಟೇ ಸಲೀಸಾಗಿ ಹೇಳಿದ್ದಳು: “ನಿನ್ನೆ ನೀನು ಕೆಲಸಕ್ಕೆ ಹೋಗಿದ್ದಾಗ ಕೆಳಗೆ ಅರ ಉಜ್ಜೋ ಸದ್ದು ಕೇಳ್ತು. ನಮ್ಮ ತಾದೆಕ್ ಉಜ್ತಿದ್ನಲ್ಲ, ಹಾಗೇ.”

‘ಮುದುಕಿಗೆ ಭ್ರಮೆ’ ಅಂದುಕೊಂಡಳು ಡನೂಟಾ. ಆದರೂ ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಜೋರಾಗಿ ಹೆಜ್ಜೆ ಹಾಕತೊಡಗಿದಳು... ಯಾರಿಗೋ ಸರಿದುಕೊಳ್ಳಲು ಹೊತ್ತು ಕೊಟ್ಟಂತೆ!

ನವೆಂಬರ್ ಒಂದು, ಭಾನುವಾರ. ಉಳಿದದ್ದು ಮುಂದಿನ ಗಾಜು ಮಾತ್ರ. ತಾದೆಕ್ ತೆಳುಕಾಗದದಲ್ಲಿ ಸುತ್ತಿಟ್ಟಿದ್ದ ಅದನ್ನು ಲೋವೆಲ್ ಬಿಚ್ಚಿ, ಚೌಕಟ್ಟಿಗೆ ಕೂರಿಸಿ, ಹೆಬ್ಬೆರಳಿಂದ ಒತ್ತಿದ. ಟಿಕ್ ಎಂದಿತು.

“ಮುಗೀತು,” ಎಂದ. ದನಿಯಲ್ಲಿ ಖುಷಿಯಿರಲಿಲ್ಲ. “ಇನ್ನು ಬರೋಕೆ ನಂಗೆ ನೆಪ ಇಲ್ಲ... ನೆಪ ಇಲ್ದೇ ಬರ್ಬಹುದಾ, ಡನೂಟಾ?”

‘ಬನ್ನಿ’ ಅನ್ನಬೇಕೆಂದಿದ್ದವಳು ಗಾಜು ಸುತ್ತಿದ್ದ ತೆಳುಕಾಗದವನ್ನು ಮಡಿಸುತ್ತಲೇ ಇದ್ದಳು. ಅವನು ಟೋಪಿ ಎತ್ತಿಕೊಂಡು ಹೋದ.

ಸಂಜೆ ಅವಳು ಕಾರಿನ ಮುಂದೆ ಬಗ್ಗಿ ನಿಂತಳು.

“ತಾದೆಕ್... ನಾನು ಏನು ಹೇಳ್ಲಿ? ನೀನೇ ಹೇಳು.”

ನೆಟ್ಟಗಾಗುವಾಗ ತೋಳು ತಗುಲಿ ಕಾರಿನ ಪಕ್ಕದ ಕನ್ನಡಿ ಮುರಿಯಿತು. ಗಾಬರಿಯಲ್ಲಿ ಅಡುಗೆಮನೆಯ ಡ್ರಾಯರಿನಿಂದ ಸೂಪರ್ ಗ್ಲೂ ತಂದು ಎರಡು ತೊಟ್ಟು ಹಾಕಿ ಅಂಟಿಸಿದಳು. ಧೂಳು ಕೂರದಿರಲೆಂದು ಪ್ಲಾಸ್ಟಿಕ್ ಮುಚ್ಚಳ ಕವುಚಿದಳು.

ಮರುದಿನ ಸತ್ತವರ ದಿನ. ಅವರು ಮನೆಗೆ ಬಂದು ಹೋಗುತ್ತಾರೆಂದು ಅತ್ತೆ ಮುಂಜಾನೆಯೇ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿದ್ದಳು. ಡನೂಟಾ ಕೆಳಗಿಳಿದು ಮುಚ್ಚಳ ಎತ್ತಿದಳು.

ಸ್ಟೀರಿಂಗ್ ಹಿಂದೆ ಯಾರೋ ಕೂತಿದ್ದರು!

ಬಿಳಿಯ, ಮೊಟ್ಟೆಯಾಕಾರದ, ಕಣ್ಣಿಲ್ಲದ ಮುಖ... ಗಾಜಿಗೆ ಒಳಗಿನಿಂದ ಒತ್ತಿಕೊಂಡಂತೆ. ಬಗ್ಗಿ ಕಣ್ಣು ಹತ್ತಿರ ತಂದಳು. ಮುಖವಲ್ಲ, ಹೆಬ್ಬೆರಳಿನ ಗುರುತು. ಗೆರೆಗೆರೆಗಳ ನಡುವೆ ಅರ್ಧಚಂದ್ರದ ಗಾಯದ ಕಲೆ. ಆ ಹೆಬ್ಬೆರಳನ್ನು ಹನ್ನೊಂದು ವರ್ಷ ಹಿಡಿದು ನಡೆದಿದ್ದಳು ಅವಳು.

ಕೇಳಿದ್ದಳು. ಉತ್ತರ ಬಂದಿತ್ತು!

ಲೋವೆಲ್‌ಗೆ ಫೋನ್ ಮಾಡಿದಳು. “ಬರ್ಬೇಡಿ. ನೆಪ ಇದ್ರೂ ಬರ್ಬೇಡಿ.” ಇಟ್ಟುಬಿಟ್ಟಳು.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದವಳು ಯಾದ್ವಿಗಾ.

“ಬರ್ಬೇಡ ಅಂದ್ಳಲ್ಲೋ?”

“ಅಂದ್ರು.”

“ಮತ್ತೆ?”

“ಯಾಕೆ ಅಂತ ಹೇಳ್ಲಿಲ್ಲ ಅಮ್ಮಾ.”

ಡನೂಟಾ ನೆಲಮಾಳಿಗೆಯಲ್ಲೇ ಕೂತಿದ್ದಳು. ಕಾರಿನತ್ತ ಬೆರಳು ತೋರಿಸಿದಳು. “ತಾದೆಕ್ ಒಪ್ಪಿಲ್ಲ... ನೋಡಿ.”

ಲೋವೆಲ್‌ನ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಆಮೇಲೆ ಮೂಗು ಅರಳಿಸಿ ವಾಸನೆ ಹಿಡಿದ. ಸೂಪರ್ ಗ್ಲೂ ಟ್ಯೂಬು ಕಣ್ಣಿಗೆ ಬಿತ್ತು.

“ಇದರಲ್ಲಿ ಅಂಟಿಸಿ, ಮೇಲೆ ಮುಚ್ಚಳ ಹಾಕಿದ್ರಾ? ಇದರ ಹೊಗೆ ಗಾಜಿನ ಮೇಲೆ ಕೂರುತ್ತೆ ಡನೂಟಾ. ಎಲ್ಲಿ ಬೆರಳಿನ ಜಿಡ್ಡಿದೆಯೋ ಅಲ್ಲಿ ಬೆಳ್ಳಗೆ ಹಿಡ್ಕೊಳ್ಳುತ್ತೆ. ಪೊಲೀಸ್ನೋರು ಬೆರಳಚ್ಚು ಹುಡ್ಕೋದೇ ಹೀಗೆ. ಕ್ಲಬ್ಬಲ್ಲಿ ಈ ಥರ ಗಾಜು ಕೆಡಿಸ್ಕೊಳ್ದೇ ಇರೋನು ಒಬ್ನೂ ಇಲ್ಲ.”

“ಅಂದ್ರೆ... ಅದು ಅವನದಲ್ವಾ?”

ಬೆಳಿಗ್ಗೆಯಿಂದ ಅದು ಅವನೆಂದು ಹೆದರಿದ್ದವಳು, ಈಗ ಅಲ್ಲವೆಂದರೆ ಹೇಗೆಂದು ಹೆದರಿದಳು. ‘ಅಲ್ಲ’ ಅಂದುಬಿಟ್ಟರೆ ಲೋವೆಲ್‌ಗೆ ಸುಲಭವಿತ್ತು. ಅವನು ಅನ್ನಲಿಲ್ಲ.

“ಅವರದೇ. ಕಾಗದದಲ್ಲಿ ಸುತ್ತೋ ಮುಂಚೆ ಹಿಡಿದಿದ್ದು. ಎರಡು ವರ್ಷದಿಂದ ಅಲ್ಲೇ ಇತ್ತು... ನಿಮಗೆ ಕಾಣ್ತಿರ್ಲಿಲ್ಲ, ಅಷ್ಟೇ.”

ಟಾರ್ಚ್ ಓರೆಯಾಗಿ ಹಿಡಿದ. ಗುರುತು ಎರಡಾಯಿತು. ಒಂದರ ಹಿಂದೊಂದು, ತೆಳ್ಳನೆಯ ಗಾಜು ಮಾತ್ರ ನಡುವೆ.

“ಒಳಗಿಂದು ಅವರದು. ಹೊರಗಿಂದು ನಂದು, ನಿನ್ನೆ ಒತ್ತಿದ್ದು. ಪಾಲಿಶ್ ಹಾಕಿ ಉಜ್ಜಿದ್ರೆ ಎರಡೂ ಹೋಗುತ್ತೆ. ನೀವು ಹೇಳಿದ್ರೆ ಉಜ್ತೀನಿ. ಹೇಳಿದ್ರೆ ಹೊರಟೂ ಹೋಗ್ತೀನಿ.”

ಯಾದ್ವಿಗಾ ಕೈಕಂಬಿ ಹಿಡಿದು ಇಳಿದು ಬಂದಿದ್ದಳು. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಬಹಳ ಹೊತ್ತು ನೋಡಿದಳು.

“ಆರನೇ ವಯಸ್ಸಲ್ಲಿ ಬಾಗಿಲಿಗೆ ಸಿಗಿಸ್ಕೊಂಡ ಬೆರಳು,” ಎಂದಳು. “ಹೊಗೆಯೋ ಗಿಗೆಯೋ, ಬಂದವ್ನು ಬಂದಿದಾನೆ. ಆದ್ರೆ ಜಗಳಕ್ಕೆ ಬಂದಿಲ್ಲ ಕಣೇ. ಜಗಳಕ್ಕಾದ್ರೆ ನನ್ ಮಗ ಬೆರಳು ತರ್ತಿರ್ಲಿಲ್ಲ, ಬಾಯಿ ತರ್ತಿದ್ದ!”

ಸೊಂಟ ಹಿಡಿದುಕೊಂಡು ಮೇಲೆ ಹತ್ತಿದಳು. ಮೆಟ್ಟಿಲ ತಿರುವಿನಲ್ಲಿ ಅವಳು ಕಣ್ಣೊರೆಸಿಕೊಂಡದ್ದು ಇವರಿಬ್ಬರಿಗೂ ಕಾಣಲಿಲ್ಲ.

ಡನೂಟಾ ಗಾಜನ್ನೇ ನೋಡುತ್ತಿದ್ದಳು. ಆ ಬಿಳಿಯ ಮುಖ ಈಗಲೂ ಅವಳತ್ತಲೇ ತಿರುಗಿತ್ತು. ಕಾರಣ ಗೊತ್ತಾದರೂ ಮೈ ಜುಮ್ಮೆನ್ನುವುದು ನಿಂತಿರಲಿಲ್ಲ. ಆದರೂ ಓಡಿಹೋಗಬೇಕು ಅನಿಸಲಿಲ್ಲ.

“ಉಜ್ಬೇಡಿ,” ಎಂದಳು. “ಅವನು ಒಳಗೇ ಕೂತಿರ್ಲಿ. ಅವನ ಕಾರು.”

“ಮತ್ತೆ ನಾನು?”

“ನೀವು ಹೊರಗಿದೀರಲ್ಲ... ನಾನಿರೋ ಕಡೆ.”

ಲೋವೆಲ್ ಟಾರ್ಚ್ ಆರಿಸಿದ. “ಹಾಗಾದ್ರೆ... ಭಾನುವಾರ...”

“ಭಾನುವಾರದ ತನಕ ಯಾಕೆ? ನಾಳೇನೇ ಬನ್ನಿ. ನೆಪ ಗಿಪ ಏನೂ ತರ್ಬೇಡಿ, ಬರೀ ಕೈಯಲ್ಲಿ ಬನ್ನಿ.”

“ಬರೀ ಕೈಯಲ್ಲೇ?”

ಅವಳು ಅವನ ಎಣ್ಣೆ ಮೆತ್ತಿದ ಹೆಬ್ಬೆರಳನ್ನು ಮೆಲ್ಲಗೆ ಹಿಡಿದುಕೊಂಡಳು.

“ಹೂಂ. ನಂಗೆ ಬೇಕಿರೋದೇ ಆ ಕೈ.”