ಸೊನ್ನೆ ತೋರಿಸಿದ ಪೆಟ್ಟಿಗೆ

“ಆ ಪೆಟ್ಟಿಗೆ ಮುಂದೆ ನಗಬೇಡಿ ಸಾರ್. ನಕ್ಕೋರನ್ನ ಅದು ಲೆಕ್ಕಕ್ಕೆ ತಗೊಳಲ್ಲ,” ಎಂದಳು ಮೀನು ಆರಿಸುವ ಮುದುಕಿ.

ರಿಪೇರಿಗೆ ಬಂದಿದ್ದ ಹೊಸ ಇಂಜಿನಿಯರ್‌ಗೆ ಇನ್ನಷ್ಟು ನಗು ಬಂತು. ಮೀನಿನ ಶೀತಲಗೃಹದ ಕಬ್ಬಿಣದ ಬಾಗಿಲ ಮೇಲೆ ಬೂದು ಬಣ್ಣದ ಪೆಟ್ಟಿಗೆ. ಒಳಗೆ ಎಷ್ಟು ಜನರಿದ್ದಾರೆಂದು ಕೆಂಪು ಅಂಕಿಯಲ್ಲಿ ತೋರಿಸುವುದಷ್ಟೇ ಅದರ ಕೆಲಸ. ಹೋದ ತಿಂಗಳು ಹಮಾಲಿಯೊಬ್ಬ ಒಳಗಿದ್ದಾಗಲೇ ಒಂದು ಹೋಗಿ ಸೊನ್ನೆ ಬಂತಂತೆ. ಆಮೇಲೆ ಸಿಕ್ಕಿದ್ದು ಅವನ ಹೆಣ. ಅವನ ತಾಯಿ ಪೆಟ್ಟಿಗೆಗೆ ಮಾಟ ಮಾಡಿಸಿದ್ದಾಳೆಂದು ಸುದ್ದಿ. ಈಗ ಎಲ್ಲರೂ ಅದಕ್ಕೆ ಕೈಮುಗಿದೇ ಒಳಗೆ ಕಾಲಿಡುತ್ತಿದ್ದರು.

“ಅಜ್ಜಿ, ಅದರ ಕಣ್ಣು ಬಾಗಿಲ ಒಳಮೈಲಿದೆ, ಮೈ ಬಿಸಿ ನೋಡತ್ತೆ ಅಷ್ಟೇ. ನಿಮಗೆ ತಿಳೀದೆ ಇದ್ದಿದ್ದೆಲ್ಲ ಮಾಟಾನಾ?”

“ಸತ್ತೋರ ಮೈ ತಣ್ಣಗಿರತ್ತಲ್ಲ. ನಾವೂ ಅದನ್ನೇ ಹೇಳ್ತಿರೋದು.”

ಇಂಥವರ ಜೊತೆ ತಲೆ ಕೆಡಿಸಿಕೊಳ್ಳುವವನಲ್ಲ ಅವನು. ಚಳಿಗೆ ಕೆಡದಿರಲೆಂದು ಫೋನನ್ನು ಅವಳ ಮೇಜಿನ ಮೇಲಿಟ್ಟು ಒಳಗೆ ನಡೆದ. ಬಾಗಿಲು ತಾನೇ ಮುಚ್ಚಿಕೊಂಡಿತು.

ಹಸಿ ಮೀನಿನ, ತುಕ್ಕಿನ ವಾಸನೆ. ಮೂಗಿನೊಳಗೆ ಸೂಜಿ ಚುಚ್ಚುವ ಚಳಿ. ಹತ್ತು ನಿಮಿಷಕ್ಕೆ ದೀಪ ಆರಿತು. ತಡಕಾಡಿ ಬಾಗಿಲಿಗೆ ಬಂದರೆ ಒಳಗಿನ ಹಿಡಿಯ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು; ಅಲ್ಲಾಡಲಿಲ್ಲ. ಟಾರ್ಚಿನ ಬೆಳಕನ್ನು ಮೇಲಕ್ಕೆ ಬಿಟ್ಟ. ಎರಡಾಳೆತ್ತರದಲ್ಲಿ, ಪೆಟ್ಟಿಗೆಯ ಕಣ್ಣಿಗೂ ಮಂಜು ಮೆತ್ತಿಕೊಂಡಿತ್ತು.

ಬಾಗಿಲು ಗುದ್ದಿದ. ಹೊರಗೆ ಹೆಜ್ಜೆಗಳು ಓಡಿ ಬಂದವು. ನಿಂತವು. ಹರಿದ ರಬ್ಬರಿನ ಸಂದಿಯಿಂದ ಮುದುಕಿಯ ದನಿ ಸಣ್ಣಗೆ ಕೇಳಿಸಿತು.

“ಸೊನ್ನೆ ತೋರಿಸ್ತಿದೆ.”

“ಅದರ ಕಣ್ಣಿಗೆ ಮಂಜು ಹಿಡಿದಿದೆ ಅಜ್ಜಿ. ನಾನು ಬದುಕಿದ್ದೀನಿ. ತೆಗೀರಿ.”

“ಆ ಹುಡುಗಾನೂ ಹೀಗೇ ಅಂದ.” ಅವಳು ನಿಜಕ್ಕೂ ಅಳುತ್ತಿದ್ದಳು. “ಸೊನ್ನೆ ಬಂದ ಮೇಲೆ ಎರಡು ಗಂಟೆ ಕರೆದ. ಸತ್ತೋರು ಕರೆದಾಗ ತೆಗೆದ್ರೆ ನಮ್ಮನ್ನೂ ಕರ್ಕೊಂಡು ಹೋಗ್ತಾರೆ. ಸದ್ದು ನಿಂತ ಮೇಲೆ ತೆಗೆದ್ವಿ. ನಿಮಗೂ ತೆಗೀತೀವಿ ಸಾರ್, ಹಾಗೇ ಬಿಡಲ್ಲ.”

ಅವನು ಗುದ್ದಿದ. ಕೂಗಿದ. ಒದ್ದ. ಬೆರಳುಗಳು ತನ್ನವಲ್ಲ ಅನಿಸಿತು. ನಾಲಿಗೆ ಹೊರಳಲಿಲ್ಲ. ಟಾರ್ಚ್ ಬಿತ್ತು. ಹುಡುಕಲು ಬಗ್ಗಿದವನಿಗೆ ಏಳಲಾಗಲಿಲ್ಲ.

ಹೊರಗೆ ಅವನ ಫೋನ್ ಹಾಡತೊಡಗಿತು. ಹೆಂಡತಿಗೆಂದೇ ಇಟ್ಟಿದ್ದ ಹಾಡು. ಬಸುರಿ ಅವಳು, ದಿನ ತುಂಬಿತ್ತು.

ಹಾಡು ನಿಂತಿತು.

“ನಾನು ಇಲ್ಲಿ ಕೆಲಸ ಮಾಡೋಳು ತಾಯಿ,” ಎಂದಳು ಮುದುಕಿ ಫೋನಿನಲ್ಲಿ, ಮೂಗೊರೆಸಿಕೊಂಡು. “ನಿಮ್ಮ ಹತ್ರ ಯಾರಾದ್ರೂ ಇದ್ದಾರಾ? ಮೊದ್ಲು ಕೂತ್ಕೊಳ್ಳಿ.”